ಅಪೆಂಡಿಕ್ಸ್ ಚೆನ್ನಾಗಿಯೇ ಇದ್ದರೆ?

ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ವಾಂತಿ, ಸಣ್ಣ ಜ್ವರ. ಅಪೆಂಡಿಕ್ಸ್ ಅಂದುಕೊಂಡೇ ಆಪರೇಷನ್ ಶುರು ಮಾಡುತ್ತೇವೆ. ಹೊಕ್ಕಳಿನ ಹತ್ತಿರ ಒಂದು ಸೆಂಟಿಮೀಟರ್ ರಂಧ್ರ ಮಾಡಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಕ್ಯಾಮೆರಾ ಇಳಿಸುತ್ತೇವೆ. ಪರದೆ ಮೇಲೆ ನೋಡಿದರೆ ಅಪೆಂಡಿಕ್ಸ್ ತೆಳ್ಳಗೆ, ಮೃದುವಾಗಿ, ಚೆನ್ನಾಗಿಯೇ ಇದೆ. ಆದರೆ ಪಕ್ಕದಲ್ಲಿ ಕೀವು ನಿಂತಿದೆ.

ಇಲ್ಲಿಗೆ ನಿಲ್ಲಿಸಬಾರದು. ಸಣ್ಣ ಕರುಳನ್ನು ಕೊನೆಯಿಂದ ಹಿಂದಕ್ಕೆ ನೋಡುತ್ತಾ ಹೋಗಬೇಕು. ಬಾವಿಯಿಂದ ಹಗ್ಗ ಸೇದಿದ ಹಾಗೆ, ಎರಡು ಇಕ್ಕಳಗಳಲ್ಲಿ ಬದಲಿಸಿ ಬದಲಿಸಿ, ಆದರೆ ತುಂಬಾ ಮೆತ್ತಗೆ.

ಸುಮಾರು ಎರಡು ಅಡಿಯೊಳಗೆ ಕೆಲವೊಮ್ಮೆ ಹೆಬ್ಬೆರಳಿನಂಥ ಚೀಲ ಸಿಗುತ್ತದೆ. ಅದೇ ಮೆಕೆಲ್ ಡೈವರ್ಟಿಕ್ಯುಲಮ್. ಜರ್ಮನಿಯ ಯೋಹಾನ್ ಮೆಕೆಲ್ 1809ರಲ್ಲಿ ಇದರ ಮೂಲವನ್ನು ವಿವರಿಸಿದರು. ಗರ್ಭದಲ್ಲಿ ಮಗುವಿನ ಕರುಳಿಗೆ ಅಂಟಿಕೊಂಡಿದ್ದ ನಾಳ ಪೂರ್ತಿ ಮಾಯವಾಗದೆ ಉಳಿದ ತುಂಡು ಅದು. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಹೆಚ್ಚಿನವರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ಆದರೆ ಊದಿಕೊಂಡರೆ ಥೇಟ್ ಅಪೆಂಡಿಕ್ಸ್ ನೋವೇ. ಕೆಲವು ಚೀಲಗಳ ಒಳಪದರ ಜಠರದ್ದೇ ಆಗಿದ್ದು, ಆಸಿಡ್ ಸುರಿಸಿ ಕರುಳಲ್ಲಿ ಹುಣ್ಣು ಮಾಡುತ್ತದೆ. ಮಕ್ಕಳಿಗೆ ನೋವೇ ಇಲ್ಲದೆ ಮಲದಲ್ಲಿ ರಕ್ತ ಹೋಗುವುದೂ ಉಂಟು.

ಅಪೆಂಡಿಕ್ಸ್‌ಗೆಂದು ಬಲಗಡೆ ಚಿಕ್ಕದಾಗಿ ಕೊಯ್ದರೆ ಕಾಣುವುದು ಆ ಮೂಲೆ ಮಾತ್ರ. ಕ್ಯಾಮೆರಾ ಮಾತ್ರ ಲಿವರ್‌ನಿಂದ ಗರ್ಭಕೋಶದವರೆಗೆ ಎಲ್ಲ ತೋರಿಸುತ್ತದೆ. ತಿರುಚಿಕೊಂಡ ಅಂಡಾಶಯವೂ ಕಾಣುತ್ತದೆ, ಬೇಗ ಬಿಡಿಸಿದರೆ ಅದು ಉಳಿಯುತ್ತದೆ. 1980ರಲ್ಲಿ ಈ ದಾರಿಯಲ್ಲಿ ಮೊದಲು ಅಪೆಂಡಿಕ್ಸ್ ತೆಗೆದ ಕುರ್ಟ್ ಸೆಮ್ ಸ್ತ್ರೀರೋಗ ತಜ್ಞರೇ. ಹಾಗಂತ ಎಲ್ಲರಿಗೂ ಇದು ಆಗದು. ಬಿಪಿ ಕುಸಿದಿದ್ದರೆ, ಕರುಳು ವಿಪರೀತ ಉಬ್ಬಿದ್ದರೆ ಹೊಟ್ಟೆ ತೆರೆಯುವುದೇ ಸರಿ.

ನನ್ನ ಬೇಸರ ಒಂದೇ: ತಡ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು, ಬಟ್ಟಿ ಜಾರಿದೆ ಅಂತ ಹೊಟ್ಟೆ ತಿಕ್ಕಿಸಿಕೊಂಡು ಎರಡು ದಿನ ಕಳೆದು ಬರುತ್ತಾರೆ. ಕೆಮ್ಮಿದರೆ, ನಡೆದರೆ ನೋವು ಜಾಸ್ತಿಯಾಗುತ್ತಿದ್ದರೆ ದಯವಿಟ್ಟು ಕಾಯಬೇಡಿ.

ಕರಾವಳಿಯಲ್ಲಿ ಇಂಥ ನೋವಿಗೆ ಇನ್ನೊಂದು ಕಾರಣವೂ ಇದೆ, ಮೀನಿನ ಮುಳ್ಳು. ಗಂಟಲಲ್ಲಿ ಸಿಕ್ಕಿದರೆ ಅನ್ನದ ಉಂಡೆ ನುಂಗುತ್ತೇವೆ ಅಲ್ವಾ? ಹೆಚ್ಚಿನವು ಸುಮ್ನೆ ಹೊರಗೆ ಹೋಗುತ್ತವೆ. ಎಲ್ಲೋ ಒಂದು ಮುಳ್ಳು ಕರುಳನ್ನು ಚುಚ್ಚುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ, ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಬಿಳಿ ಗೆರೆ. ಒಬ್ಬರ ಕರುಳಿನಿಂದ ಅಂಥ ಮುಳ್ಳನ್ನು ಇಕ್ಕಳದಲ್ಲಿ ಎಳೆದು, ತೂತಿಗೆ ಎರಡು ಹೊಲಿಗೆ ಹಾಕಿದೆ. ಹೊರಗೆ ಕಾಯುತ್ತಿದ್ದ ಅವರ ಹೆಂಡತಿಗೆ ಮುಳ್ಳನ್ನು ಬಾಟಲಿಯಲ್ಲಿ ಹಾಕಿ ತೋರಿಸಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಡಾಕ್ಟ್ರೇ, ಮುಳ್ಳು ನುಂಗಿದ್ದು ಅವರಿಗೆ ಗೊತ್ತೇ ಆಗಲಿಲ್ಲವಾ?" ಅಂದರು.