ಹೆಬ್ಬೆರಳಿಗೂ ಸ್ಕ್ರೀನಿಗೂ ನಡುವೆ ಎಂತ ಉಂಟು

ಗೇಮ್ ಕಂಟ್ರೋಲರಲ್ಲಿ ಹೆಬ್ಬೆರಳಿಂದ ಆಡಿಸುವ ಸ್ಟಿಕ್ಕನ್ನು ಅತ್ಲಾಗಿ ತಳ್ಳಿದ್ರೆ ಗೇಮಿನ ಆಳು ಅತ್ಲಾಗಿ ಹೋಗ್ತಾನೆ, ಅಷ್ಟೇ ಅಲ್ವಾ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅಷ್ಟೇ ಅಲ್ಲ ಮಾರಾಯ್ರೆ. ಮೌಸನ್ನು ಒಂದಿಂಚು ಸರಿಸಿದ್ರೆ ಸ್ಕ್ರೀನಲ್ಲಿರುವ ಗುರಿಯ ಗುರುತು ಅದಕ್ಕೆ ತಕ್ಕಷ್ಟು ಸರಿದು ನಿಲ್ತದೆ. ಸ್ಟಿಕ್ಕನ್ನು ಒಂಚೂರು ವಾಲಿಸಿ ಹಿಡಿದ್ರೆ ಗುರಿ ನಿಲ್ಲುವುದೇ ಇಲ್ಲ, ಬೆರಳು ಬಿಡುವವರೆಗೆ ಜಾರ್ತಾನೇ ಇರ್ತದೆ. ಅಂದ್ರೆ ಮೌಸಲ್ಲಿ ನಾವು ಜಾಗ ಹೇಳುವುದು, ಸ್ಟಿಕ್ಕಲ್ಲಿ ವೇಗ ಹೇಳುವುದು. ಗನ್ ಗೇಮಲ್ಲಿ ಗುರಿ ಹಿಡಿಯುವುದು ಸ್ಟಿಕ್ಕಲ್ಲಿ ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ದೊಡ್ಡ ಕಾರಣ ಇದೇ.

ನಮ್ಮ ಕಾಸರಗೋಡು ಕಡೆ ಮೊದಲು ಬಂದ ಟಿವಿ ಗೇಮಲ್ಲಿ ಪ್ಲಸ್ ಆಕಾರದ ಬಟನ್ ಇತ್ತು, ಒತ್ತಿದ್ರೆ ಉಂಟು, ಬಿಟ್ರೆ ಇಲ್ಲ, ನಡುವೆ ಏನೂ ಇಲ್ಲ. ಮತ್ತೆ ಗಲ್ಫಿಂದ ಮಾವನೋ ಚಿಕ್ಕಪ್ಪನೋ ಪ್ಲೇಸ್ಟೇಷನ್ ತಂದ ಮನೆಗಳಲ್ಲಿ ಎರಡು ಸ್ಟಿಕ್ಕು ನೋಡಿದ್ದು. ಅನಲಾಗ್ ಸ್ಟಿಕ್, ಅಂದ್ರೆ ಎಷ್ಟು ವಾಲಿಸಿದ್ದೇವೆ ಅಂತಲೂ ಗೊತ್ತಾಗುವ ಸ್ಟಿಕ್ಕು, ಅದಕ್ಕಿಂತ ಹಳೇದು, 1982ರ ವೆಕ್ಟ್ರೆಕ್ಸ್ ಅನ್ನುವ ಗೇಮ್ ಯಂತ್ರದಲ್ಲೇ ಇತ್ತು. ಆದ್ರೆ ಅದರ ರುಚಿ ಜಗತ್ತಿಗೆ ಹತ್ತಿಸಿದ್ದು 1996ರ ನಿಂಟೆಂಡೊ 64 ಗೇಮ್ ಯಂತ್ರ. ಸೂಪರ್ ಮಾರಿಯೋ 64ರಲ್ಲಿ ಮಲಗಿದ ಪಿರಾನಾ ಗಿಡದ ಹತ್ರ ಸ್ಟಿಕ್ಕನ್ನು ಮೆಲ್ಲ ವಾಲಿಸಿದ್ರೆ ಮಾರಿಯೋ ತುದಿಗಾಲಲ್ಲಿ ಹೋಗ್ತಾನೆ, ಗಿಡ ಏಳುವುದಿಲ್ಲ, ಜೋರಾಗಿ ಓಡಿದ್ರೆ ಎದ್ದು ಕಚ್ಚುತ್ತದೆ. ಹೆಬ್ಬೆರಳಿನ ಮೆದುತನವನ್ನೇ ಆಟ ಮಾಡಿದ್ದು! ಅದು ನೆನಪಾದ್ರೆ ಈಗಲೂ ಖುಷಿ ಆಗ್ತದೆ.

ಈಗ ನನಗೆ ಬಹಳ ಇಷ್ಟದ ವಿಷಯ, ಡೆಡ್ ಝೋನ್. ಸ್ಟಿಕ್ಕಿನ ಅಡಿಯಲ್ಲಿ ಸಾಮಾನ್ಯವಾಗಿ ಎರಡು ಪೊಟೆನ್ಶಿಯೋಮೀಟರ್ (ಕಾರ್ಬನ್ ಪಟ್ಟಿಯ ಮೇಲೆ ಉಜ್ಜಿಕೊಂಡು ಹೋಗಿ ವೋಲ್ಟೇಜು ಬದಲಿಸುವ ಭಾಗ) ಇರ್ತವೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಅದರಿಂದ ಬರುವ ವೋಲ್ಟೇಜು ಎಕ್ಸ್‌ಬಾಕ್ಸ್ ಕಂಟ್ರೋಲರಲ್ಲಿ -32768ರಿಂದ 32767ರವರೆಗಿನ ಸಂಖ್ಯೆಯಾಗಿ ಗೇಮಿಗೆ ಹೋಗ್ತದೆ. ಬೆರಳು ಬಿಟ್ಟಾಗ ಸ್ಪ್ರಿಂಗು ಸ್ಟಿಕ್ಕನ್ನು ನಡುವಿಗೆ ತರ್ತದೆ, ಆದ್ರೆ ಸರಿಯಾಗಿ ಸೊನ್ನೆಗೆ ತರುವುದಿಲ್ಲ. ಹಾಗಾಗಿ ನಡುವಿನ ಸ್ವಲ್ಪ ಜಾಗವನ್ನು ಗೇಮು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಬೈಕಿನ ಕ್ಲಚ್ ಲಿವರಲ್ಲಿ ಪ್ಲೇ ಬಿಡ್ತಾರಲ್ಲ, ಹಾಗೆ. ಎಡ ಸ್ಟಿಕ್ಕಿಗೆ ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ಕೊಟ್ಟ ಸಂಖ್ಯೆ 7849, ಅಂದ್ರೆ ನಡುವಿನಿಂದ ತುದಿವರೆಗಿನ ಓಟದ ಹೆಚ್ಚುಕಮ್ಮಿ ಕಾಲು ಭಾಗ!

ಈ ಜಾಗದ ಆಕಾರ ತುಂಬ ಮುಖ್ಯ. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಕಟ್ ಮಾಡಿದ್ರೆ ಗುರಿ ಓರೆಯಾಗಿ ಮೆಲ್ಲ ಹೋಗಬೇಕಾದಲ್ಲಿ ನೆಟ್ಟಗಿನ ಗೆರೆಗೆ ಅಂಟಿಕೊಳ್ತದೆ. ದುಂಡಗೆ ಕಟ್ ಮಾಡಿದ್ರೆ ಅದು ಸರಿಹೋಗ್ತದೆ, ಆದ್ರೆ ವೇಗ ಸೊನ್ನೆಯಿಂದ ಒಮ್ಮೆಗೇ ಕಾಲು ಭಾಗಕ್ಕೆ ಹಾರ್ತದೆ, ಆಗ ಗನ್ನು ಜರ್ಕ್ ಹೊಡೀತದೆ, ಅದಕ್ಕೆ ಉಳಿದ ಮುಕ್ಕಾಲನ್ನು ಪುನಃ ಸೊನ್ನೆಯಿಂದ ಒಂದರವರೆಗೆ ಹಿಗ್ಗಿಸಬೇಕು. ಅದಾದ ಮೇಲೆ ಕರ್ವ್, ಅಂದ್ರೆ ಎಷ್ಟು ವಾಲಿಸಿದ್ರೆ ಎಷ್ಟು ವೇಗ ಅನ್ನುವ ಲೆಕ್ಕ. ಬಂದ ಸಂಖ್ಯೆಯನ್ನು ಘನ ಮಾಡಿದ್ರೆ ಅರ್ಧ ವಾಲಿಸಿದಾಗ ಸಿಗುವ ವೇಗ ಅರ್ಧ ಅಲ್ಲ, ಎಂಟರಲ್ಲೊಂದು ಪಾಲು, ನಡುವಿನ ಹತ್ರ ಒಳ್ಳೆ ಹಿಡಿತ ಸಿಗ್ತದೆ. ಒಂದೇ ಕಂಟ್ರೋಲರು ಒಂದು ಗೇಮಲ್ಲಿ ಹಗುರ, ಇನ್ನೊಂದರಲ್ಲಿ ಭಾರ ಅನಿಸುವುದು ಹೆಚ್ಚಾಗಿ ಇದರಿಂದಲೇ, ಪ್ಲಾಸ್ಟಿಕ್ಕು ಬದಲಾಗಿಲ್ಲ, ಲೆಕ್ಕ ಬದಲಾಗಿದೆ.

2001ರ ಹೇಲೋ ಅನ್ನುವ ಗನ್ ಗೇಮಲ್ಲಿ ಗುರಿ ಶತ್ರುವಿನ ಮೇಲೆ ಬಂದಾಗ ತಿರುಗುವ ವೇಗ ತಾನೇ ಕಮ್ಮಿ ಆಗ್ತದೆ. ಇದನ್ನು ಮೋಸ ಅಂತ ಹೇಳುವವರ ಹತ್ರ ನಾನು ಜಗಳವೇ ಮಾಡ್ತೇನೆ, ಯಾಕಂದ್ರೆ ವೇಗ ಹೇಳುವ ಸ್ಟಿಕ್ಕಿನಿಂದ ಜಾಗ ಹಿಡಿಸಬೇಕಾದ್ರೆ ಅಷ್ಟು ಸಹಾಯ ನ್ಯಾಯವೇ. ಮೊಬೈಲ್ ಗಾಜಿನ ಮೇಲಿನ ಸ್ಟಿಕ್ಕಿಗಂತೂ ಸ್ಪ್ರಿಂಗೇ ಇಲ್ಲ, ನಡು ಎಲ್ಲಿ ಅಂತ ಬೆರಳಿಗೆ ಗೊತ್ತಾಗುವುದೇ ಇಲ್ಲ.

ಇನ್ನು ಡ್ರಿಫ್ಟು, ಅಂದ್ರೆ ಮುಟ್ಟದಿದ್ರೂ ಸ್ಟಿಕ್ಕು ವಾಲಿದೆ ಅಂತ ಗೇಮಿಗೆ ಅನಿಸುವುದು. ಆಳು ತನ್ನಷ್ಟಕ್ಕೇ ನಡೆದ್ರೆ ಊದುವುದು, ತೊಡೆಗೆ ಕುಟ್ಟುವುದು, ಇದೆಲ್ಲ ದಯವಿಟ್ಟು ಬಿಡಿ. ಒಳಗೆ ಧೂಳು ಹೋದ್ರೂ ಡ್ರಿಫ್ಟ್ ಬರಬಹುದು, ಆದ್ರೆ ಹಳೇ ಕಂಟ್ರೋಲರಲ್ಲಿ ಹೆಚ್ಚಾಗಿ ಸವೆದದ್ದು ಕಾರ್ಬನ್ ಪಟ್ಟಿ, ಸವೆದದ್ದು ಊದಿದ್ರೆ ಬರುವುದಿಲ್ಲ. ಸೆಟ್ಟಿಂಗಲ್ಲಿ ಡೆಡ್ ಝೋನ್ ಹೆಚ್ಚು ಮಾಡಿದ್ರೆ ರೋಗ ಮುಚ್ಚಿಹೋಗ್ತದೆ, ಜೊತೆಗೆ ಮೆಲ್ಲ ನಡೆಯುವುದೂ ಹೋಗ್ತದೆ. ನಿಜವಾದ ದಾರಿ ಉಜ್ಜಾಟವೇ ಇಲ್ಲದ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮ, ಆಯಸ್ಕಾಂತ ಹತ್ರ ಬಂದಾಗ ಕರೆಂಟು ಹರಿಯುವ ಪಟ್ಟಿಯ ಅಡ್ಡಕ್ಕೆ ವೋಲ್ಟೇಜು ಹುಟ್ತದೆ. ಸ್ಟಿಕ್ಕಿಗೆ ಆಯಸ್ಕಾಂತ ಕಟ್ಟಿದ್ರೆ ಮುಟ್ಟದೆಯೇ ಅದು ಎಷ್ಟು ವಾಲಿದೆ ಅಂತ ಗೊತ್ತಾಗ್ತದೆ, ಅದೇ ಹಾಲ್ ಸೆನ್ಸರ್. ಸೆಗಾದವರು ಇದನ್ನು 1998ರ ತಮ್ಮ ಡ್ರೀಮ್‌ಕಾಸ್ಟ್ ಗೇಮ್ ಯಂತ್ರದ ಸ್ಟಿಕ್ಕಲ್ಲೇ ಹಾಕಿದ್ದರು. ಅಷ್ಟು ಹಿಂದೆಯೇ ಇದ್ದದ್ದನ್ನು ಬಿಟ್ಟು ದೊಡ್ಡ ಕಂಪೆನಿಗಳು ಆಮೇಲೂ ಹೆಚ್ಚಾಗಿ ಸವೆಯುವ ಪಟ್ಟಿಯನ್ನೇ ಮಾರಿದ್ದು ನನಗೆ ಬಹಳ ಬೇಸರ. ಹೊಸತು ತಗೊಳ್ಳುವಾಗ ಹಾಲ್ ಸೆನ್ಸರ್ ಉಂಟಾ ಅಂತ ಕೇಳಿಯೇ ತಗೊಳ್ಳಿ.