ಕ್ರೆಡಿಟ್ ಇದೆ, ಜಿಪಿಯು ಮಾತ್ರ ಸಿಗ್ತಿಲ್ಲ

ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ಬೆಳಗಾವಿ, ವಿಜಯಪುರ ಕಡೆಯ ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ನನ್ನನ್ನು ಕೇಳೋದು ಹೆಚ್ಚುಕಡಿಮೆ ಇದನ್ನೇ: "ಅಣ್ಣಾ, ಅಕೌಂಟ್‌ನ್ಯಾಗ ನೂರು ಡಾಲರ್ ಅದಾವು. ಜಿಪಿಯು ಮಷಿನ್ ತಗೋಳಾಕ ಹೋದ್ರ ಕೋಟಾ ಇಲ್ಲ ಅಂತೈತಿ."

ಜಿಪಿಯು ಅಂದರೆ ಎಐ ಮಾಡೆಲ್‌ಗೆ ಕಲಿಸುವಂಥ ಭಾರೀ ಲೆಕ್ಕ ಮಾಡುವ ಚಿಪ್. ಈ ನೂರು ಡಾಲರ್, ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಮೈಕ್ರೋಸಾಫ್ಟ್ ಅಜೂರ್‌ನ ವಿದ್ಯಾರ್ಥಿ ಅಕೌಂಟಿನ ಉಚಿತ ಕ್ರೆಡಿಟ್. ಕ್ರೆಡಿಟ್ ಕಾರ್ಡ್ ಬೇಡ, 12 ತಿಂಗಳು ನಡೆಯುತ್ತದೆ. ಆದರೆ ಕ್ರೆಡಿಟ್ ಬೇರೆ, ಕೋಟಾ ಬೇರೆ. ಯಾವ ರೀಜನ್‌ನಲ್ಲಿ (ಡೇಟಾ ಸೆಂಟರ್ ಇರುವ ಪ್ರದೇಶ) ಯಾವ ಬಗೆಯ ಮಷಿನ್‌ನ ಎಷ್ಟು ಕೋರ್ ಬಳಸಬಹುದು ಅನ್ನುವ ಮಿತಿಯೇ ಕೋಟಾ. ಜಿಪಿಯು ಮಷಿನ್‌ಗಳಿಗೆ ಅದು ಸಾಮಾನ್ಯವಾಗಿ ಸೊನ್ನೆ. ಜೇಬಲ್ಲಿ ದುಡ್ಡಿದೆ, ರೈಲಿನಲ್ಲಿ ಬರ್ತ್ ಇಲ್ಲ ಅಂದ ಹಾಗೆ.

ಆಮೇಲೆ ಕೋಟಾ ಹೆಚ್ಚಿಸಿ ಅಂತ ಅರ್ಜಿ ಹಾಕಿ ಕಾಯ್ತಾರೆ. ಸುಮ್ನೆ ಹೊತ್ತು ಹಾಳು. ಫ್ರೀ ಟ್ರಯಲ್‌ಗೂ ವಿದ್ಯಾರ್ಥಿ ಅಕೌಂಟಿಗೂ ಕೋಟಾ ಹೆಚ್ಚಿಸಲ್ಲ ಅಂತ ನಿಯಮವೇ ಇದೆ. ಸೆಂಟ್ರಲ್ ಇಂಡಿಯಾ ರೀಜನ್ ಇರೋದು ಪುಣೆಯಲ್ಲೇ ಅಲ್ವಾ, ಇಲ್ಲಿ ಸಿಗಬಹುದು ಅನ್ನೋದು ಕೆಲವರ ಲೆಕ್ಕ. ಊರು ಒಂದೇ ಆದ ಮಾತ್ರಕ್ಕೆ ಕೋಟಾ ಬರಲ್ಲ. ಉಚಿತ ಅಕೌಂಟುಗಳನ್ನು ರಾಶಿ ರಾಶಿ ತೆರೆದು ಕ್ರಿಪ್ಟೋ ಮೈನಿಂಗ್ ಮಾಡಿದವರಿದ್ದಾರೆ. ಇಷ್ಟು ಬಿಗಿ ಇರೋಕೆ ಅದೂ ಒಂದು ಕಾರಣ ಇರಬಹುದು.

ಗೂಗಲ್ ಕ್ಲೌಡ್‌ನ 300 ಡಾಲರ್, 90 ದಿನದ ಟ್ರಯಲ್‌ನಲ್ಲೂ ಮಷಿನ್‌ಗೆ ಜಿಪಿಯು ಸೇರಿಸೋಕೆ ಆಗಲ್ಲ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ಕೇಳಬಹುದು, ಆದರೆ ಅಲ್ಲಿನ ಮಿತಿ ಜಿಪಿಯು ಲೆಕ್ಕದಲ್ಲಿಲ್ಲ, ವಿಸಿಪಿಯು (ವರ್ಚುವಲ್ ಪ್ರೊಸೆಸರ್) ಲೆಕ್ಕದಲ್ಲಿದೆ. ಎನ್‌ವಿಡಿಯಾದ ಒಂದು ಟಿ4 ಜಿಪಿಯು ಇರುವ ಜಿ4ಡಿಎನ್ ಎಕ್ಸ್‌ಲಾರ್ಜ್ ಮಷಿನ್‌ಗೆ 4 ವಿಸಿಪಿಯು ಬೇಕು. ಫಾರಂನಲ್ಲಿ 1 ಅಂತ ಬರೆದರೆ, ಮಂಜೂರಾದರೂ ಮಷಿನ್ ಏಳಲ್ಲ.

ಹಾಗಾಗಿ ನಾನು ಹೇಳೋದು: ಮಾಡೆಲ್‌ನ ಟ್ರೇನಿಂಗ್ ಕ್ಯಾಗಲ್‌ನಲ್ಲಿ (ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್‌ನ ಉಚಿತ ತಾಣ) ಮಾಡಿ, ನೂರು ಡಾಲರನ್ನು ಡೇಟಾ ಇಡೋಕೆ, ಪ್ರಾಜೆಕ್ಟಿನ ಡೆಮೊ ನಡೆಸೋಕೆ ಉಳಿಸಿ. ಕ್ಯಾಗಲ್‌ನಲ್ಲಿ ಫೋನ್ ನಂಬರ್ ಖಾತ್ರಿಪಡಿಸಿದರೆ ವಾರಕ್ಕೆ ಸುಮಾರು 30 ಗಂಟೆ ಜಿಪಿಯು ಸಿಗುತ್ತದೆ. ಎರಡು ಟಿ4 ಆರಿಸಿಕೊಳ್ಳಬಹುದು, ಒಂದೊಂದಕ್ಕೂ 16 ಜಿಬಿ ಮೆಮೊರಿ. ಕಾಲೇಜು ಪ್ರಾಜೆಕ್ಟಿಗೆ ಇದು ಕಡಿಮೆಯೇನಲ್ಲ. 7 ಬಿಲಿಯನ್ ಪ್ಯಾರಾಮೀಟರ್‌ನ ಮಾಡೆಲ್ಲನ್ನು 4 ಬಿಟ್‌ಗೆ ಇಳಿಸಿ ಕ್ಯೂಲೋರಾ (ಇಡೀ ಮಾಡೆಲ್ ಬಿಟ್ಟು, ಸೇರಿಸಿದ ಚಿಕ್ಕ ಭಾಗಕ್ಕಷ್ಟೇ ಕಲಿಸುವ ವಿಧಾನ) ಮಾಡಿದರೆ ಒಂದೇ ಟಿ4ನಲ್ಲಿ ಹಿಡಿಸುತ್ತದೆ. ಟಿ4 ಹಳೇ ಕಾರ್ಡು, 2018ರದ್ದು. ಅದರ ಹಾರ್ಡ್‌ವೇರ್‌ನಲ್ಲಿ ಬಿಎಫ್16 (16 ಬಿಟ್‌ನಲ್ಲಿ ಸಂಖ್ಯೆ ಬರೆಯುವ ಒಂದು ಬಗೆ) ಇಲ್ಲ. ಎಲ್ಲಿಂದಲೋ ಕಾಪಿ ಮಾಡಿದ ಕೋಡ್ ಎಡವೋದು ಜಾಸ್ತಿ ಇಲ್ಲೇ. ಕೋಡ್‌ನಲ್ಲಿ ಅದನ್ನು ಎಫ್‌ಪಿ16 (16 ಬಿಟ್‌ನದೇ ಇನ್ನೊಂದು ಬಗೆ) ಅಂತ ಬದಲಿಸಿ. ಕ್ಯಾಗಲ್‌ನಂಥದ್ದೇ ಗೂಗಲ್‌ನ ಉಚಿತ ಕೊಲ್ಯಾಬ್‌ನಲ್ಲೂ ಟಿ4 ಸಿಗುತ್ತದೆ, ಆದರೆ ಗ್ಯಾರಂಟಿ ಇಲ್ಲ. ಸೆಷನ್ ಹೆಚ್ಚೆಂದರೆ 12 ಗಂಟೆ, ಎಷ್ಟೋ ಸಲ ಅದಕ್ಕೂ ಮೊದಲೇ ಕಡಿಯುತ್ತದೆ. ಚೆಕ್‌ಪಾಯಿಂಟನ್ನು (ಅಲ್ಲಿವರೆಗೆ ಕಲಿತ ಮಾಡೆಲ್‌ನ ಪ್ರತಿ) ಆಗಾಗ ಗೂಗಲ್ ಡ್ರೈವ್‌ಗೆ ಬರೆಯುತ್ತಿರಿ.

ಕ್ಲೌಡ್ ಮಷಿನ್ನೇ ಬೇಕು ಅನ್ನುವವರು ಅಕೌಂಟನ್ನು ಪೇ ಆ್ಯಸ್ ಯು ಗೋಗೆ (ಬಳಸಿದಷ್ಟಕ್ಕೆ ದುಡ್ಡು) ಬದಲಿಸಿ ಕೋಟಾ ಕೇಳಬೇಕು. ವಿದ್ಯಾರ್ಥಿ ಅಕೌಂಟಿನಲ್ಲಿ ಕ್ರೆಡಿಟ್ ಮುಗಿದರೆ ಎಲ್ಲ ನಿಲ್ಲುತ್ತದೆ, ಇದರಲ್ಲಿ ಬಿಲ್ ಬರುತ್ತದೆ. ಅಜೂರ್‌ನಲ್ಲಿ ಲಿನಕ್ಸ್ ಒಳಗಿಂದ ಶಟ್‌ಡೌನ್ ಕೊಟ್ಟರೆ ಮಷಿನ್ ನಿಲ್ಲುತ್ತದೆ, ಮೀಟರ್ ನಿಲ್ಲಲ್ಲ. ಪೋರ್ಟಲ್‌ನಿಂದ ನಿಲ್ಲಿಸಿ, 'ಡೀಅಲೊಕೇಟೆಡ್' ಅಂತ ಬಂತಾ ನೋಡಿ. ಆಗಲೂ ಡಿಸ್ಕಿನ ಬಾಡಿಗೆ ಇದ್ದೇ ಇರುತ್ತದೆ. ಬಜೆಟ್ ಅಲರ್ಟ್ ಹಾಕಿದರೆ ಮೇಲ್ ಬರುತ್ತದೆ, ಅಷ್ಟೇ. ಮಷಿನ್ ತಾನಾಗಿ ನಿಲ್ಲಬೇಕಾದರೆ ಆಟೋ ಶಟ್‌ಡೌನ್ ಬೇರೆಯಾಗಿ ಹಾಕಬೇಕು. ಅಪ್ಪನ ಕಾರ್ಡ್ ಕೊಟ್ಟವರಂತೂ ಮೊದಲ ದಿನವೇ ಹಾಕಿಬಿಡಿ.