'ನನ್ನ ಮೇಲೆ ಯಾರು ದೂರು ಕೊಟ್ರು?'

ಮಕ್ಕಳ ಪಾಲನೆಯ ಬಗ್ಗೆ ತಂದೆತಾಯಂದಿರ ಗುಂಪು ನಡೆಸುವವರು ಪದೇ ಪದೇ ಹೇಳುವ ಮಾತು ಒಂದಿದೆ: 'ಇವರಿಗೆ ಮಕ್ಕಳ ಮೇಲೆ ಕಾಳಜಿನೇ ಇಲ್ಲ, ಎಷ್ಟು ಕರೆದರೂ ಬರಲ್ಲ.' ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ಶಾಲೆಯಿಂದ ಬಂದ ಪಟ್ಟಿಯಲ್ಲಿದ್ದ ಒಬ್ಬ ತಾಯಿ ಮೂರು ವಾರ ಬರಲೇ ಇಲ್ಲ. ಗುಂಪು ನಡೆಸುವವರು ಆಕೆಯ ಹೆಸರು ಹೊಡೆದುಹಾಕಲು ಹೊರಟಿದ್ದರು. ನಾನು ಫೋನ್ ಮಾಡಿದೆ. ಆಕೆ ಮೊದಲು ಕೇಳಿದ್ದು, 'ಮೇಡಂ, ನನ್ನ ಮೇಲೆ ಯಾರು ದೂರು ಕೊಟ್ರು?' ನಾವು ಕಳಿಸಿದ ಚೀಟಿಯಲ್ಲಿ 'ಮಕ್ಕಳನ್ನು ಸರಿಯಾಗಿ ಬೆಳೆಸುವುದನ್ನು ಕಲಿಯಿರಿ' ಎಂದು ಬರೆದಿತ್ತು. ಆಮೇಲೆ ರಾತ್ರಿ ನಿದ್ದೆ ಮಾಡದ ಮಗನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕಾಳಜಿ ಇಲ್ಲದವರಾ ಇವರು?

ಹಾಗಾಗಿ ಮೊದಲ ಫೋನಿನ ಬಗ್ಗೆ ಮತ್ತೆ ಮತ್ತೆ ಹೇಳುತ್ತೇನೆ. 'ಶನಿವಾರ ಹತ್ತು ಗಂಟೆಗೆ ಬನ್ನಿ, ಮರೀಬೇಡಿ' ಅನ್ನುವ ಫೋನ್ ಅಲ್ಲ ಇದು. ನೆನಪಿಸುವುದು ಬೇರೆ, ಕೇಳುವುದು ಬೇರೆ. ಮಗುವಿನ ವಿಷಯದಲ್ಲಿ ನಿಮಗೆ ಜಾಸ್ತಿ ಕಷ್ಟ ಆಗ್ತಿರೋದು ಏನು? ಬರೋಕೆ ಏನು ತೊಂದರೆ? ಕೆಲಸದ ಹೊತ್ತಾ? ಚಿಕ್ಕದನ್ನು ನೋಡಿಕೊಳ್ಳೋರು ಇಲ್ವಾ? ಮನೆಯಲ್ಲಿ ಯಾರಾದರೂ ಬೇಡ ಅಂತಾರಾ? ಹಿಂದೆ ಇಂಥ ಕಡೆ ಹೋದಾಗ ಬೇಜಾರಾಗಿತ್ತಾ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಷ್ಟೋ ಸಲ ಉತ್ತರ ಇರುವುದು ಅಲ್ಲೇ.

ಇದು ನನ್ನೊಬ್ಬಳ ಅನುಭವವಲ್ಲ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಮೇರಿ ಮೆಕೇ ಮತ್ತು ಜೊತೆಗಾರರು ಮಕ್ಕಳ ಮಾನಸಿಕ ಆರೋಗ್ಯ ಸೇವೆಗಳಲ್ಲಿ ಇಂಥ ಫೋನ್ ಮಾತುಕತೆಯನ್ನು ಪರೀಕ್ಷಿಸಿದರು. ಮೊದಲ ಭೇಟಿಗೆ ಬರುವ ಕುಟುಂಬಗಳು ಹೆಚ್ಚಿದವು. ಆದರೆ ಬಂದವರು ಮುಂದೆಯೂ ಬರಬೇಕೆಂದರೆ ಆ ಮೊದಲ ಭೇಟಿಯ ಮಾತೂ ಹಾಗೇ ಇರಬೇಕು. ಫೋನ್ ಒಂದೇ ಸಾಲದು. ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ಹೊಡೆತ ಬಡಿತ ಇರಬಹುದು ಅನ್ನಿಸಿದರೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿಯದೆ ಪ್ರಶ್ನೆ ಶುರು ಮಾಡಬೇಡಿ.

ಬರಲು ಆಗದವರ ಬಳಿ ನಾವೇ ಹೋಗಬಹುದು, ಅಲ್ವಾ? ಜಮೈಕಾದಲ್ಲಿ 1980ರ ದಶಕದಲ್ಲಿ ಸಂಶೋಧಕಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ತಂಡದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಮ್ಮೆ ಮನೆಗೇ ಹೋದರು. ಬೆಳವಣಿಗೆ ಕುಂಠಿತವಾದ ಮಕ್ಕಳ ಜೊತೆ ಹೇಗೆ ಆಡಬೇಕೆಂದು ಅಮ್ಮಂದಿರಿಗೆ ತೋರಿಸಿದರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆಯಲ್ಲೂ ಅದರ ಫಲ ಕಾಣಿಸಿತು.

ಅಪ್ಪಂದಿರು ಬರಲ್ಲ ಅನ್ನುವವರು, ಚೀಟಿಯಲ್ಲಿ ಅವರ ಹೆಸರಿತ್ತಾ ಎಂದು ಒಮ್ಮೆ ನೋಡಿ.

ಆ ತಾಯಿ ನಾಲ್ಕನೇ ವಾರ ಬಂದರು, ಚಿಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ಚೀಟಿಯಲ್ಲಿ ಏನು ಬರೆಯೋಣ ಎಂದು ಅವರನ್ನೇ ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ ಬರೆದುಕೊಟ್ಟರು: 'ಮಗು ಮಲಗಲ್ವಾ? ನಮ್ಮನೇಲೂ ಹಾಗೇ. ಬನ್ನಿ.'